ಈಗ ಯಾರ ಸರದಿ?

ಮನೆಗೆ ನೆಂಟರು ಬಂದರೆ ಸಾಕು, ಎರಡು ವರ್ಷದ ಮಗುವಿಗೆ ಪರೀಕ್ಷೆ ಶುರು. 'ಮೂಗು ಎಲ್ಲಿ, ತೋರ್ಸು ಪುಟ್ಟಾ', 'ಮಾಮಂಗೆ ರೈಮ್ಸ್ ಹೇಳು', 'ಇದ್ಯಾವ ಕಲರು?' ಎಲ್ಲವೂ ಉತ್ತರ ಗೊತ್ತಿದ್ದೇ ಕೇಳುವ ಪ್ರಶ್ನೆಗಳು. ಮಗು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿಕೊಂಡರೆ, 'ನಾವಷ್ಟೇ ಇದ್ದಾಗ ಎಲ್ಲಾ ಹೇಳ್ತಾನೆ' ಎಂಬ ಸಮಜಾಯಿಷಿ. ಮಾತು ಕಲಿಸುವುದೆಂದರೆ ಪದ ತುಂಬುವುದು ಎಂದು ನಾವು ನಂಬಿಬಿಟ್ಟಿದ್ದೇವೆ. ಪದಕ್ಕೂ ಮೊದಲು ಮಗುವಿಗೆ ದಕ್ಕಬೇಕಾದದ್ದು ಸರದಿ. ಈಗ ನೀನು, ಆಮೇಲೆ ನಾನು. ಅದು ಪಾಠದಿಂದ ಬರುವುದಿಲ್ಲ, ಆಟದಿಂದ ಬರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1970ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿದ್ದಾಗ, ತಾಯಂದಿರು ಕೂಸುಗಳೊಂದಿಗೆ ಆಡುವ ಮುಖ ಮರೆಸುವ ಆಟವನ್ನು ತಿಂಗಳುಗಟ್ಟಲೆ ಗಮನಿಸಿದರು. ನಮ್ಮ ಅಜ್ಜಿಯರು ಸೆರಗಿನ ಮರೆಯಿಂದ ಇಣುಕಿ ನಗಿಸುವುದೂ ಇದೇ ಆಟ. ಮೊದಮೊದಲು ಮಗು ಬರೀ ಪ್ರೇಕ್ಷಕ. ಬರಬರುತ್ತ ಮುಖ ಕಾಣುವ ಮುನ್ನವೇ ನಗುತ್ತದೆ, ಕೈಚಾಚಿ ಸೆರಗು ಎಳೆಯುತ್ತದೆ. ಒಂದು ದಿನ ತಾನೇ ಬಚ್ಚಿಟ್ಟುಕೊಂಡು ನಮ್ಮನ್ನು ಕಾಯಿಸುತ್ತದೆ. ಕಾಯುವುದು, ಊಹಿಸುವುದು, ತನ್ನ ಪಾಲು ಬಂದಾಗ ದನಿಗೂಡಿಸುವುದು, ಪಾತ್ರ ಅದಲುಬದಲು ಮಾಡಿಕೊಳ್ಳುವುದು: ಮಾತುಕತೆಗೆ ಬೇಕಾದದ್ದೆಲ್ಲ ಇಲ್ಲಿದೆ. ಇನ್ನೂ ಬರಬೇಕಿರುವುದು ಪದ ಮಾತ್ರ.

ಈ ಸರದಿಯನ್ನು ಪರದೆ ಕೊಡಲಾರದು. ಕೂಸುಗಳ ಭಾಷಾ ಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಲಾಯಿತು. ಎದುರು ಕೂತವರು ಆಟಿಕೆ, ಪುಸ್ತಕ ಹಿಡಿದು ಮಾತಾಡಿಸಿದಾಗ ಮಕ್ಕಳು ಆ ಭಾಷೆಯ ಧ್ವನಿಗಳ ವ್ಯತ್ಯಾಸ ಹಿಡಿದರು. ಅವರದೇ ಮಾತನ್ನು ವಿಡಿಯೊದಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ತುತ್ತಿಗೊಮ್ಮೆ ಮೊಬೈಲು ಹಿಡಿಯುವ ನಮ್ಮ ಮನೆಗಳಿಗೆ ಇದು ಹಿತವಾದ ಸುದ್ದಿಯಲ್ಲ.

ಹಾಗಾದರೆ ದೊಡ್ಡವರ ಕೆಲಸವೇನು? ಮುಖ್ಯವಾಗಿ, ಸುಮ್ಮನಿರುವುದು. ಮಗುವಿಗೆ ಚಿರಪರಿಚಿತವಾದ ಹಾಡು ಹೇಳುತ್ತ ಸಾಲಿನ ಕೊನೆಯ ಪದ ನುಂಗಿ, ಅದರ ಮುಖವನ್ನೇ ನೋಡುತ್ತ ಕಾಯಿರಿ. ನಮಗೆ ಆ ಕ್ಷಣದ ಮೌನವೂ ದುಬಾರಿ. ಮಗು ಬಾಯಿ ತೆರೆಯುವಷ್ಟರಲ್ಲಿ ನಾವೇ ಉತ್ತರ ಹೇಳಿ ಮುಗಿಸಿರುತ್ತೇವೆ. ಇನ್ನೊಂದು, ಮಗುವಿನ ಹಿಂದೆ ಹೋಗುವುದು. ಅದು ಚೆಂಬನ್ನು ನೆಲದ ಮೇಲೆ ಬುರ್ ಎಂದು ತಳ್ಳುತ್ತಿದ್ದರೆ 'ಚೆಂಬು ಅನ್ನು' ಎನ್ನಬೇಡಿ. 'ಬಸ್ಸು ಅಜ್ಜಿ ಊರಿಗಾ? ನಾನೂ ಹತ್ತಲಾ?' ಎನ್ನಿ. 'ಅತ್ತು' ಎಂದರೆ 'ಹತ್ತಿದೆ, ಹೋಗೋಣ' ಎಂದರಾಯಿತು. ಉಚ್ಚಾರ ತಿದ್ದುವ ಮೇಷ್ಟರಿಕೆಗೆ ಮುಂದೆ ಶಾಲೆಯಿದೆ.

ಅಂಗನವಾಡಿಗೆ ಸೇರಿಸಿದ ಮಗು ಯಾರೊಂದಿಗೂ ಬೆರೆಯುವುದಿಲ್ಲ ಎಂದು ಕೊರಗುವವರು ಮಕ್ಕಳ ಆಟವನ್ನು ಗಮನಿಸಿದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಬರೆದದ್ದನ್ನು ತಿಳಿಯಬೇಕು. ಪುಟ್ಟ ಮಕ್ಕಳು ಪಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡಿಕೊಳ್ಳುತ್ತಾರೆ. ಕೂಡಿ ಆಡುವುದು ಬಲಿಯುವುದು ಆಮೇಲೆ. ಪಕ್ಕದಲ್ಲಿ ಕೂತದ್ದೂ ಒಂದು ಬಗೆಯ ಒಡನಾಟವೇ.

ನಾಲ್ಕು ವರ್ಷದ ಹೊತ್ತಿಗೆ ಅಡುಗೆ ಆಟ, ಡಾಕ್ಟರ್ ಆಟ ಶುರುವಾಗುತ್ತದೆ. ಕಟ್ಟುಪಾಡಿಲ್ಲದ ಕಲ್ಪನೆಯ ಆಟವೇ ಇಲ್ಲ ಎಂದ ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿಯ ಮಾತು ಇಲ್ಲಿ ಕಣ್ಣಿಗೆ ಕಾಣುತ್ತದೆ. ರೋಗಿಯಾದವಳು ಎದ್ದು ಓಡುವಂತಿಲ್ಲ, ಡಾಕ್ಟರಾದವನು ಸೂಜಿ ಕಂಡು ಅಳುವಂತಿಲ್ಲ. ಆಟಕ್ಕಿಂತ 'ನಾನೇ ಡಾಕ್ಟ್ರು', 'ನಿನ್ನೇನೂ ನೀನೇ ಆಗಿದ್ದೆ' ಎಂಬ ಜಗಳವೇ ಹೆಚ್ಚು ಹೊತ್ತು. ವಾದ, ರಾಜಿ, ಷರತ್ತು, ಮುನಿಸು ಎಲ್ಲಕ್ಕೂ ಅಲ್ಲಿ ಪೂರ್ಣ ವಾಕ್ಯಗಳೇ ಬೇಕು. ಹೊಡೆದಾಟಕ್ಕೆ ಹೋಗದ ಹೊರತು ದೊಡ್ಡವರು ಪಂಚಾಯ್ತಿಗೆ ಇಳಿಯದಿರುವುದೇ ಮೇಲು.

ಆದರೆ ಎಲ್ಲವನ್ನೂ ಆಟದ ಮೇಲೆ ಹೊರಿಸಿ ಕೂರುವಂತಿಲ್ಲ. 'ಗಂಡುಮಕ್ಕಳು ಮಾತಾಡೋದು ತಡ' ಎಂಬ ಸಮಾಧಾನದಲ್ಲಿ ಅಮೂಲ್ಯ ತಿಂಗಳುಗಳು ಜಾರಿಹೋಗುತ್ತವೆ. ಒಂದೂವರೆ ವರ್ಷಕ್ಕೆ ಒಂದೂ ಪದವಿಲ್ಲ, ಎರಡಕ್ಕೆ ಎರಡು ಪದ ಜೋಡಿಸುತ್ತಿಲ್ಲ, ಕರೆದರೆ ತಿರುಗುತ್ತಿಲ್ಲ ಎಂದಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ.