ಖಳನನ್ನು ಬೆಳೆಸಿದ ಊರು

ಖಳನೆಂದರೆ ಕೆಂಗಣ್ಣು, ಅಟ್ಟಹಾಸ, ಕೊನೆಗೆ ನಾಯಕನ ಕೈಯಲ್ಲಿ ಸೋಲು, ಇಷ್ಟೇ ಎಂದು ನಾನು ತಿಳಿದಿದ್ದೆ. ಅತಿಮಾನುಷ ಶಕ್ತಿಯ ನಾಯಕರಿರುವ ಚಿತ್ರಗಳಲ್ಲಂತೂ ಅವನು ಪೆಟ್ಟು ತಿನ್ನಲೆಂದೇ ಹುಟ್ಟಿದವನು. ಬಾಸಿಲ್ ಜೋಸೆಫ್ ಅವರು ನಿರ್ದೇಶಿಸಿ, 2021ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಬಿಡುಗಡೆಯಾದ ಮಲಯಾಳ ಚಿತ್ರ ‘ಮಿನ್ನಲ್ ಮುರಳಿ’ ಈ ತಿಳಿವಳಿಕೆಯನ್ನು ಅಲುಗಿಸಿತು. ಹಾಸ್ಟೆಲಿನಲ್ಲಿ ಗೆಳೆಯನ ಮೊಬೈಲಿನಲ್ಲಿ ಅದನ್ನು ನೋಡಿದ ರಾತ್ರಿ ನನ್ನ ನಿದ್ದೆಗೆಡಿಸಿದವನು ನಾಯಕನಲ್ಲ, ಷಿಬು.

ಕುರುಕ್ಕನ್‌ಮೂಲ ಎಂಬ ಕೇರಳದ ಹಳ್ಳಿಯಲ್ಲಿ ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿದು ಅದ್ಭುತ ಶಕ್ತಿ ಬರುತ್ತದೆ. ಒಬ್ಬನು ದರ್ಜಿ ಜೇಸನ್. ಆ ಪಾತ್ರ ಟೊವಿನೊ ಥಾಮಸ್ ಅವರದು. ಇನ್ನೊಬ್ಬನು ಚಹದಂಗಡಿಯ ಆಳು ಷಿಬು. ಜೇಸನ್ನನಿಗೆ ಪ್ರೀತಿಸುವ ಮನೆಯಿತ್ತು. ಷಿಬುವಿಗೆ ಇದ್ದದ್ದು ಅವನನ್ನು ಹುಚ್ಚನೆಂದು ಹೀಯಾಳಿಸುವ ಊರಿನ ನಗೆ ಮಾತ್ರ.

ಷಿಬುವಾಗಿ ಅಭಿನಯಿಸಿದ ಗುರು ಸೋಮಸುಂದರಂ ಅವರು ಚೆನ್ನೈನ ‘ಕೂತ್ತುಪ್ಪಟ್ಟರೈ’ ನಾಟಕ ತಂಡದಲ್ಲಿ ಪಳಗಿದ ತಮಿಳು ನಟರು. 2016ರ ತಮಿಳು ಚಿತ್ರ ‘ಜೋಕರ್’ನ ನಾಯಕರು. ಇಲ್ಲಿ ಅವರು ಅಬ್ಬರಿಸುವುದು ಕಡಮೆ. ಬಹುಕಾಲ ಮನಸ್ಸಿನಲ್ಲೇ ಪ್ರೀತಿಸಿದ ಉಷಾ ಕೊನೆಗೂ ಒಪ್ಪಿದಾಗ ಆ ಮುಖ ಒಮ್ಮೆಲೇ ನಗುತ್ತದೆ, ಅಳುತ್ತದೆ. ಊರವರು ಮನೆಗೆ ಹಚ್ಚಿದ ಬೆಂಕಿಯಲ್ಲಿ ಆಕೆ ಇಲ್ಲವಾದ ಮೇಲೆ ಅದೇ ಮುಖ ಕಲ್ಲಾಗುತ್ತದೆ. ಮುಖವಾಡವಿಲ್ಲದ ಆ ಮುಖವೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಖಳನಿಗಾಗಿ ಕಣ್ಣೀರಿಡುವುದು ತಪ್ಪೆಂದು ಕೆಲವು ಮಿತ್ರರು ವಾದಿಸುತ್ತಾರೆ. ನಾನು ಒಪ್ಪಲಾರೆ. ರನ್ನನ ‘ಗದಾಯುದ್ಧ’ವನ್ನು ಓದುವಾಗ ದುರ್ಯೋಧನನ ಅಳಲಿಗೆ ಮನ ಕರಗುತ್ತದೆ, ಹಾಗೆಂದು ಅವನ ತಪ್ಪುಗಳು ಅಳಿಸಿಹೋಗುವುದಿಲ್ಲ. ಷಿಬು ಇಡೀ ಊರನ್ನೇ ಸುಡಹೊರಟದ್ದು ಅಪರಾಧವೇ ಸರಿ, ಅವನನ್ನು ತಡೆಯಲೇಬೇಕಿತ್ತು. ಆದರೆ ಅವನ ಎದೆಯಲ್ಲಿ ಮೊದಲ ಕಿಡಿ ಇಟ್ಟವರು ಯಾರು? ಈ ಪ್ರಶ್ನೆಯನ್ನು ನೋಡುವವನ ಎದೆಗೇ ಮುಟ್ಟಿಸಿದ್ದು ಆ ನಟರ ದೊಡ್ಡತನ.

ನಮ್ಮೂರ ಹೋಟೆಲಿನಲ್ಲೂ ಲೋಟ ತೊಳೆಯುವವನೊಬ್ಬನಿದ್ದಾನೆ. “ನಿನ್ನ ಮದುವೆ ಯಾವಾಗಲೋ?” ಎಂದು ಕೆಣಕಿ ನಗುವವರೊಡನೆ ನಾನೂ ನಕ್ಕಿದ್ದೇನೆ. ಅವನೂ ನಗುತ್ತಿದ್ದ, ಆದ್ದರಿಂದ ನೋವಿಲ್ಲವೆಂದು ಬಗೆದಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಮೂರು ವರ್ಷ ಸಮಾಜಶಾಸ್ತ್ರ ಓದಿ ಪದವಿಯ ಹೊಸ್ತಿಲಲ್ಲಿ ನಿಂತಿದ್ದರೂ ಅವನ ಹೆಸರನ್ನು ನಾನು ತಿಳಿದುಕೊಂಡಿಲ್ಲ.

ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಮೊದಲು ಅದನ್ನು ಕೇಳಬೇಕು.

— ಅಂತಿಮ ಬಿ. ಎ. ವಿದ್ಯಾರ್ಥಿ