ಮಗಳು ಸ್ಕೇಟ್‌ಬೋರ್ಡ್ ಕೇಳಿದರೆ

ಸೋದರಿಯರೇ, ಪರೀಕ್ಷೆ ಮುಗಿದು ರಜೆ ಬಂತೆಂದರೆ ಮಕ್ಕಳ ಬೇಡಿಕೆಗಳೂ ಬಂದವೆಂದೇ ಅರ್ಥ. ಪುತ್ತೂರು, ಸುಳ್ಯ, ಕಡಬದ ಮಕ್ಕಳೂ ಈಗ ಮೊಬೈಲಿನಲ್ಲಿ ಸ್ಕೇಟ್‌ಬೋರ್ಡ್ ನೋಡಿ ಆಸೆಪಡುವವರೇ. ಮಗ ಕೇಳಿದರೆ "ಅಪ್ಪನ ಹತ್ರ ಹೇಳು" ಎನ್ನುತ್ತೇವೆ. ಮಗಳು ಕೇಳಿದರೆ? "ಬಿದ್ದು ಮುಖಕ್ಕೆ ಗಾಯವಾದ್ರೆ ನಾಳೆ ಯಾರು ಒಪ್ತಾರೆ?" ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಹನ್ನೆರಡು ದಾಟಿ ಆಟ ಬಿಟ್ಟ ಹುಡುಗಿ ಮತ್ತೆ ಅಂಗಳಕ್ಕಿಳಿಯುವುದು ಹಿಡಿಸೂಡಿ ಹಿಡಿದೇ ಅಲ್ಲವೇ?

ಬೇಡವೆನ್ನುವ ಮೊದಲು ಸ್ವಲ್ಪ ಯೋಚಿಸಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಬಾರಿ ಜಾಗ ಸಿಕ್ಕಿತು. ಅಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ 13 ವರ್ಷ. ನಮ್ಮ ಬೆಂಗಳೂರಿನ ಅತಿತಾ ವರ್ಗೀಸ್ ಹಲಗೆ ಹತ್ತಿದ್ದು 19ರ ವಯಸ್ಸಿನಲ್ಲಿ. ಆಮೇಲೆ ಎಷ್ಟೋ ಹುಡುಗಿಯರಿಗೆ ಕಲಿಸಿದರು. ಹಾಗಾಗಿ ಇದು ಗಂಡುಮಕ್ಕಳದೇ ಆಟವೂ ಅಲ್ಲ, ಪ್ರಾಯ ಮೀರಿತೆಂಬ ಮಾತೂ ಇಲ್ಲ.

ಇನ್ನು ಜಾಗದ ಮಾತು. ನಮ್ಮ ಕಡೆ ಸಿಮೆಂಟಿನ ಅಂಗಳವಿದ್ದರೂ ಬೇಸಗೆಯಲ್ಲಿ ಅಡಿಕೆ ಹರಡಿರುತ್ತದೆ, ಮಳೆಗಾಲದಲ್ಲಿ ಪಾಚಿ ಜಾರುತ್ತದೆ. ಕಾರು ನಿಲ್ಲಿಸುವ ಮಾಡಿನಡಿಯ ಸಮತಟ್ಟು ನೆಲವಾದರೂ ಸಾಕು. ಮೊದಲು ಚೆನ್ನಾಗಿ ಗುಡಿಸಿ. ಒಂದು ಮುರಕಲ್ಲಿನ ಚೂರು ಸಿಕ್ಕಿದರೂ ಚಕ್ರ ಗಕ್ಕನೆ ನಿಂತು ಮಗು ಮುಂದಕ್ಕೆ ಬೀಳುತ್ತದೆ. ಇಳಿಜಾರು ಬೇಡ, ರಸ್ತೆಯಂತೂ ಬೇಡವೇ ಬೇಡ.

ತಲೆಗೆ ಹೆಲ್ಮೆಟ್, ಮೊಣಕಾಲು, ಮೊಣಕೈ, ಮಣಿಕಟ್ಟುಗಳಿಗೆ ಕಾಪು ಇರಲಿ. ಚಪ್ಪಲಿ ಬೇಡ, ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಒಳ್ಳೆಯದು. ದುಪಟ್ಟಾ ಒಳಗಿಟ್ಟು ಬರಲಿ.

ಕಲಿಯುವ ಕ್ರಮ ಹೀಗೆ:

1. ಮೊದಲ ದಿನ ಹಲಗೆಯನ್ನು ಹುಲ್ಲಿನ ಮೇಲೋ ದಪ್ಪ ಚಾಪೆಯ ಮೇಲೋ ಇಟ್ಟು, ಮೊಣಕಾಲು ಬಗ್ಗಿಸಿ ನಿಲ್ಲುವುದಷ್ಟೇ.

2. ಎಡಗಾಲು ಮುಂದೋ ಬಲಗಾಲು ಮುಂದೋ, ಅವಳಿಗೆ ಹಿತವೆನಿಸಿದ್ದೇ ಸರಿ.

3. ಮುಂದಿನ ಕಾಲು ಮುಂಬದಿಯ ತಿರುಪುಗಳ ಬಳಿ ಇರಲಿ. ಹಿಂದಿನ ಕಾಲಿನಿಂದ ಮೆಲ್ಲಗೆ ನೆಲ ತಳ್ಳಿ, ಆ ಕಾಲನ್ನೂ ಮೇಲಿಡಬೇಕು. ಭಾರ ಹಿಂದಕ್ಕೆ ಬಿದ್ದರೆ ಹಲಗೆ ಮುಂದೋಡುತ್ತದೆ, ಮಗು ಹಿಂದೆ ಬೀಳುತ್ತದೆ.

4. ನಿಲ್ಲಿಸಲು ಹಿಂದಿನ ಕಾಲನ್ನು ನೆಲಕ್ಕೆ ಮೆಲ್ಲಗೆ ಉಜ್ಜಬೇಕು. ವೇಗ ಇದಾದ ಮೇಲೆ.

ಎಲ್ಲಕ್ಕಿಂತ ಮುಖ್ಯ, ಬೀಳುವುದನ್ನು ಕಲಿಸಿ. ಬೀಳುವಾಗ ಕೈ ನೆಟ್ಟಗೆ ಚಾಚಿದರೆ ಮಣಿಕಟ್ಟು ಮುರಿಯುವ ಸಂಭವ ಹೆಚ್ಚು. ಕೈಕಾಲು ಮಡಚಿ, ಭುಜದ ಮೇಲೆ ಉರುಳಬೇಕು. ಹಾಸಿಗೆಯ ಮೇಲೆ ಹತ್ತು ಸಲ ಅಭ್ಯಾಸ ಮಾಡಿಸಿ. ಚರ್ಮ ತರಚಿದರೆ ಸೋಪು ನೀರಿನಲ್ಲಿ ತೊಳೆಯಿರಿ; ಅರಸಿನ, ಕಾಫಿಪುಡಿ ಮೆತ್ತಬೇಡಿ. ಬಾವು ಬಂದು ಕೈ ಅಲ್ಲಾಡಿಸಲಾಗದಿದ್ದರೆ, ತಲೆಗೆ ಪೆಟ್ಟಾಗಿ ವಾಂತಿಯಾದರೆ ತಡಮಾಡದೆ ಡಾಕ್ಟರಲ್ಲಿಗೆ ಹೋಗಿ.

ಹಲಗೆ ಒದ್ದೆಯಾದರೆ ಒರೆಸಿ ನೆರಳಿನಲ್ಲಿ ಒಣಗಿಸಿ. ಇಲ್ಲದಿದ್ದರೆ ಮರ ಉಬ್ಬುತ್ತದೆ, ಚಕ್ರದ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಮೊದಲ ವಾರ ನೀವೇ ಪಕ್ಕದಲ್ಲಿ ನಿಂತು ಕೈ ಹಿಡಿಯಿರಿ. ಎರಡನೆಯ ವಾರ "ಕೈ ಬಿಡಮ್ಮಾ" ಎಂದು ಅವಳೇ ಹೇಳುತ್ತಾಳೆ. ಆಗ ಬಿಟ್ಟುಬಿಡಿ.