2013ರ ಐ5 ಒಳಗೆ, 2018ರ ಪೆಂಟಿಯಂ ಹೊರಗೆ

ಲಿನಕ್ಸ್ ವಿತರಣೆಗಳ ಕ್ಲೌಡ್ ಇಮೇಜ್ ಸಿದ್ಧಪಡಿಸುವ ಎಂಜಿನಿಯರುಗಳಿಗೆ,

ವಿಜಯನಗರದ ಒಂದು ಮಹಡಿ ಕೋಣೆಯಲ್ಲಿ ಐಟಿಐ, ಡಿಪ್ಲೊಮಾ ಓದುವ ಮಕ್ಕಳಿಗೆ ಸಂಜೆ ಹೊತ್ತು ಸರ್ವರ್ ಕೆಲಸ ಹೇಳಿಕೊಡುತ್ತೇನೆ. ಕೆಂಗೇರಿ, ನಾಯಂಡಹಳ್ಳಿ ಕಡೆಯಿಂದೆಲ್ಲ ಮೆಟ್ರೊ ಹಿಡಿದು ಬರುತ್ತಾರೆ. ಕೋಣೆಯಲ್ಲಿರುವುದು ಆರು ಕಂಪ್ಯೂಟರ್. ಆರೂ ಎಸ್.ಪಿ. ರಸ್ತೆಯಲ್ಲಿ ಜೋಡಿಸಿ ತಂದವು. ಒಳಗಿರುವುದು 2018ರಲ್ಲಿ ಮಾರುಕಟ್ಟೆಗೆ ಬಂದ ಪೆಂಟಿಯಂ ಗೋಲ್ಡ್ ಜಿ5400.

ಕಳೆದ ತಿಂಗಳು ಒಂದು ವಿತರಣೆಯ ಹೊಸ ಕ್ಲೌಡ್ ಇಮೇಜ್ ಇಳಿಸಿಕೊಂಡು ವರ್ಚುವಲ್ ಮಷೀನಿನಲ್ಲಿ ಶುರು ಮಾಡಿದೆವು. ಪರದೆಯ ಮೇಲೆ ಒಂದಷ್ಟು ಸಾಲು ಓಡಿ ನಿಂತುಬಿಟ್ಟಿತು. ಈ ಪ್ರೊಸೆಸರ್ ಎಕ್ಸ್86-64-ವಿ3 ಮಟ್ಟದ್ದಲ್ಲ ಎಂಬ ದೂರು ಬಿಟ್ಟರೆ ಬೇರೇನಿಲ್ಲ. ‘ಸರ್, ನಮ್ಮ ಕಂಪ್ಯೂಟರ್ ಅಷ್ಟೊಂದು ಹಳೇದಾ?’ ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು.

ಹಳೆಯದಲ್ಲ. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ವಿ2, ವಿ3 ಎಂಬ ಮಟ್ಟಗಳನ್ನು ಗೊತ್ತುಮಾಡಿದ್ದು 2020ರಲ್ಲಿ. ವಿ3 ಬೇಕೆಂದರೆ ಪ್ರೊಸೆಸರಿನಲ್ಲಿ ಎವಿಎಕ್ಸ್2 ಇರಬೇಕು. ಒಂದೇ ಆದೇಶದಲ್ಲಿ 32 ಬಿಟ್ಟಿನ ಎಂಟು ಸಂಖ್ಯೆಗಳನ್ನು ಲೆಕ್ಕ ಹಾಕುವ ಸೌಲಭ್ಯ ಅದು. ಇಂಟೆಲ್ 2013ರಲ್ಲೇ ಹ್ಯಾಸ್ವೆಲ್ ಪೀಳಿಗೆಯ ಐ5, ಐ7ಗಳಲ್ಲಿ ಅದನ್ನು ಕೊಟ್ಟಿತು. ಆದರೆ ಅಗ್ಗದ ಪೆಂಟಿಯಂ, ಸೆಲೆರಾನ್‌ಗಳಿಗೆ ಅದಾದ ಮೇಲೂ ಎಷ್ಟೋ ವರ್ಷ ಕೊಡಲಿಲ್ಲ. ಹಾಗಾಗಿ 2013ರ ಐ5 ನಿಮ್ಮ ಇಮೇಜನ್ನು ಓಡಿಸುತ್ತದೆ, ಅದಕ್ಕಿಂತ ಐದು ವರ್ಷ ಚಿಕ್ಕದಾದ ನಮ್ಮ ಪೆಂಟಿಯಂ ಓಡಿಸುವುದಿಲ್ಲ. ವಯಸ್ಸು ನೋಡಿ ಎಳೆದೆವು ಎಂದು ನೀವು ತಿಳಿದ ಗೆರೆ ಇಲ್ಲಿಗೆ ಬರುವಾಗ ಬೆಲೆಯ ಗೆರೆಯಾಗಿದೆ. ಕಡಿಮೆ ದುಡ್ಡಿಟ್ಟುಕೊಂಡು ಅಂಗಡಿಗೆ ಹೋದವರೇ ಹೊರಗುಳಿದಿದ್ದಾರೆ.

ಕ್ಲೌಡ್ ಒಳಗೆ ಇದರಿಂದ ದೊಡ್ಡ ತೊಂದರೆಯಿಲ್ಲ, ಒಪ್ಪುತ್ತೇನೆ. ಅಲ್ಲಿ ಯಂತ್ರ ಬಾಡಿಗೆಯದು. ಮಾಲೀಕರು ಕಾಲಕಾಲಕ್ಕೆ ಬದಲಿಸುತ್ತಾರೆ. ಆದರೆ ಅದೇ ಇಮೇಜ್ ಮೇಲೆ ಕೈ ಪಳಗಿಸಿಕೊಂಡು ಕೆಲಸಕ್ಕೆ ಹೋಗಬೇಕಾದ ಮಕ್ಕಳ ಯಂತ್ರ ಮೇಜಿನ ಮೇಲಿದೆ, ಅದನ್ನು ಬದಲಿಸುವವರು ಯಾರೂ ಇಲ್ಲ. ನಿರ್ಧಾರದ ದಿನ ಕ್ಲೌಡ್ ಸರ್ವರುಗಳ ಪಟ್ಟಿ ನಿಮ್ಮ ಮುಂದಿತ್ತು, ಈ ಮೇಜು ಇರಲಿಲ್ಲ.

ಏನನ್ನೂ ಕೈಬಿಡಬಾರದು ಎನ್ನುವ ಹಟ ನನ್ನದಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13, 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು. ಅದು ನ್ಯಾಯವೇ, ಆ ಯಂತ್ರಗಳ ಕಾಲ ನಿಜಕ್ಕೂ ಮುಗಿದಿತ್ತು. ಅದೇ ಡೆಬಿಯನ್‌ನ 64-ಬಿಟ್ ಆವೃತ್ತಿ ನಮ್ಮ ಆರೂ ಯಂತ್ರಗಳಲ್ಲಿ ಓಡುತ್ತದೆ. ಆಲ್ಮಾ ಲಿನಕ್ಸ್ 10ರವರು ವಿ3 ಜೊತೆಗೆ ನಮ್ಮಂಥ ವಿ2 ಯಂತ್ರಗಳಿಗೂ ಬೇರೆ ಬಿಲ್ಡ್ ಕೊಟ್ಟಿದ್ದಾರೆ. ಲಿನಕ್ಸಿನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2021ರ 2.33 ಆವೃತ್ತಿಯಿಂದಾಚೆಗೆ, ಒಂದೇ ಲೈಬ್ರರಿಯ ಹಲವು ಮಟ್ಟದ ಪ್ರತಿಗಳನ್ನು ಇಟ್ಟರೆ ಆಯಾ ಪ್ರೊಸೆಸರಿಗೆ ಹೊಂದುವುದನ್ನು ವ್ಯವಸ್ಥೆಯೇ ಆರಿಸಿಕೊಳ್ಳುತ್ತದೆ. ವೇಗ ಬೇಕಾದ ಕಡೆ ವೇಗ, ಉಳಿದವರಿಗೂ ಜಾಗ. ಎರಡೆರಡು ಬಿಲ್ಡ್, ಎರಡೆರಡು ಪರೀಕ್ಷೆ ಎಂದರೆ ಹೊರೆಯೇ. ಆ ಹೊರೆಯನ್ನು ಪೂರ್ತಿ ನಮ್ಮ ಮೇಲೆ ಇಳಿಸಬೇಡಿ ಎಂದಷ್ಟೇ ನನ್ನ ಮಾತು.

ಹೊಸ ಯಂತ್ರ ಕೊಳ್ಳಿ ಎನ್ನುವುದು ಸುಲಭ. ಬಿಸಾಡಿದ ಯಂತ್ರ ಎಲ್ಲಿಗೆ ಹೋಗುತ್ತದೆಂದು ನಮ್ಮ ಭಾಗದವರು ಕಣ್ಣಾರೆ ನೋಡುತ್ತೇವೆ. ಗೌರಿಪಾಳ್ಯ, ನಾಯಂಡಹಳ್ಳಿಯ ಗುಜರಿಗಳಲ್ಲಿ ಬೋರ್ಡು ಬಿಚ್ಚುವ ಕೈಗಳಿವೆ. ಪಕ್ಕದಲ್ಲೇ ವೃಷಭಾವತಿ ನದಿ ನಗರದ ಕೊಳೆಯನ್ನೆಲ್ಲ ಹೊತ್ತು ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ ಹರಿಯುತ್ತದೆ. ಕೆಟ್ಟಿಲ್ಲದ ಆರು ಯಂತ್ರಗಳನ್ನು ಆ ದಾರಿಗೆ ಹಾಕಲು ನನಗೆ ಮನಸ್ಸಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ವಿ3 ಇಮೇಜ್ ಕೊಡಿ, ಜೊತೆಗೆ ಒಂದು ವಿ2 ಇಮೇಜನ್ನೂ ಇಡಿ. ಅದನ್ನು ನಿಲ್ಲಿಸಲೇಬೇಕಾದ ದಿನ ಬಂದರೆ ಎರಡು ವರ್ಷ ಮುಂಚೆ ತಾರೀಖು ಹೇಳಿ, ಕೊನೆಯ ಪ್ರತಿಯನ್ನು ಅಳಿಸದೆ ಉಳಿಸಿ. ಡೌನ್‌ಲೋಡ್ ಗುಂಡಿಯ ಪಕ್ಕದಲ್ಲೇ ಬೇಕಾದ ಪ್ರೊಸೆಸರ್ ಯಾವುದೆಂದು ಬರೆಯಿರಿ. ಇಡೀ ಸಂಜೆ ಕಳೆದ ಮೇಲೆ ಮಕ್ಕಳಿಗೆ ಅದು ಗೊತ್ತಾಗುವಂತಾಗಬಾರದು.

ವಿ2 ಇಮೇಜ್ ಪರೀಕ್ಷಿಸಲು ಯಂತ್ರಗಳಿಲ್ಲ ಎನ್ನುವುದಾದರೆ ನಮ್ಮಲ್ಲಿ ಆರಿವೆ. ರಾತ್ರಿ ಎಂಟೂವರೆಗೆ ತರಗತಿ ಮುಗಿಯುತ್ತದೆ, ಬೆಳಗಿನ ತನಕ ನಿಮ್ಮ ಪರೀಕ್ಷೆ ಓಡಿಸಿಕೊಡುತ್ತೇವೆ.

ಇಂತಿ,
ಸಂಜೆ ತರಗತಿಯ ಒಬ್ಬ ಶಿಕ್ಷಕ
ವಿಜಯನಗರ, ಬೆಂಗಳೂರು